ಗವರ್ನರ್ ಮೇಜಿನ ಮೇಲೆ ಮೂವತ್ತು ದಿನ

ಗಿಲ್‌ರಾಯ್‌ನಲ್ಲಿ ಯಾಕೆ ಮನೆ ಮಾಡಿದ್ದೀರಿ ಎಂದು ಯಾರಾದರೂ ಕೇಳಿದರೆ, ಅಲ್ಲಿ ಬಾಡಿಗೆ ಕಡಿಮೆ ಎಂದು ಭುವನೇಶ್ವರಿ ಹೇಳುತ್ತಿದ್ದಳು. ಕೇಳಿದವರು ನಂಬುತ್ತಿದ್ದರು. ಬೇಸಿಗೆಯಲ್ಲಿ ಊರಿಗೆ ಊರೇ ಬೆಳ್ಳುಳ್ಳಿ ನಾರುವ, ಸ್ಯಾನ್ ಹೋಸೆಗೆ ಹೋಗಬೇಕೆಂದರೆ ಫ್ರೀವೇ ಮೇಲೆ ಮುಕ್ಕಾಲು ಗಂಟೆ ತೆವಳಬೇಕಾದ ಆ ಊರಿಗೆ ಬೇರೆ ಕಾರಣಕ್ಕೆ ಯಾರು ಬರುತ್ತಾರೆ? ಆದರೆ ಅವಳ ಕಾರಣ ಬೇರೆಯೇ ಇತ್ತು. ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ಹೋದರೆ, ಲೆಟಿಸ್ ಸೊಪ್ಪಿನ ಹೊಲಗಳ ಆಚೆ, ರಾಜ್ಯದ ಒಂದು ಜೈಲಿತ್ತು. ಅವಳ ತಮ್ಮ ಶಿವರಾಜ ಹನ್ನೊಂದು ವರ್ಷದಿಂದ ಅದರೊಳಗಿದ್ದ. ಅದಕ್ಕೂ ಮೊದಲಿನ ಹನ್ನೊಂದು ವರ್ಷ ಬೇರೆ ಜೈಲುಗಳಲ್ಲಿ ಕಳೆದಿದ್ದ.

ಗದಗಿನಲ್ಲಿ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು ಅಮೆರಿಕಕ್ಕೆ ಬಂದ ಹುಡುಗ. ಕಂಪನಿ ಮುಚ್ಚಿ ಕೆಲಸ ಹೋಗಿತ್ತು, ವೀಸಾದ ಗಡುವು ಹತ್ತಿರ ಬಂದಿತ್ತು. ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಜೊತೆಗಿದ್ದ ಯೋಗಾನಂದ ಮಂಡ್ಯದವನು, ತಮಾಷೆಯ ಮನುಷ್ಯ. ಒಂದು ಭಾನುವಾರ ಸಂಜೆ ಕ್ರಿಕೆಟ್ ಮುಗಿಸಿ ಎಲ್ಲರೂ ಕುಡಿದಿದ್ದಾಗ ಆತ ಶಿವರಾಜನ ನಿರುದ್ಯೋಗದ ಮೇಲೆ ಒಂದು ಮಾತಾಡಿದ. ಎಲ್ಲರೂ ನಕ್ಕರು. ಅರ್ಧ ಗಂಟೆಯ ನಂತರ ಪಾರ್ಕಿಂಗ್ ಲಾಟಿನಲ್ಲಿ ಶಿವರಾಜ ಬ್ಯಾಟಿನಿಂದ ಅವನ ತಲೆಗೆ ಹೊಡೆದ. ಯೋಗಾನಂದ ಕೆಳಗೆ ಬಿದ್ದ. ಬಿದ್ದ ಮೇಲೆ ಇನ್ನೊಂದು ಏಟು ಹೊಡೆದ. ಯೋಗಾನಂದ ಬದುಕಲಿಲ್ಲ. ಆತನಿಗೆ ಮದುವೆಯಾಗಿ ಏಳು ತಿಂಗಳಾಗಿತ್ತು. ಹೆಂಡತಿ ನಿಸರ್ಗಾ ಇನ್ನೂ ಮಂಡ್ಯದಲ್ಲೇ ವೀಸಾಕ್ಕೆ ಕಾಯುತ್ತಿದ್ದಳು.

ಹದಿನೈದು ವರ್ಷದಿಂದ ಜೀವಾವಧಿಯವರೆಗೆ ಎಂದು ಶಿಕ್ಷೆಯಾಯಿತು. ಅಂದರೆ ಹದಿನೈದು ವರ್ಷ ಕಳೆದ ಮೇಲೆ ಪರೋಲ್ ಬೋರ್ಡಿನ ಮುಂದೆ ನಿಂತು, ನಾನು ಈಗ ಅಪಾಯದ ಮನುಷ್ಯನಲ್ಲ ಎಂದು ಒಪ್ಪಿಸಬೇಕು. ಒಪ್ಪಿದರೆ ಬಿಡುಗಡೆ, ಇಲ್ಲವಾದರೆ ಮತ್ತೆ ಕೆಲವು ವರ್ಷ. ಎರಡು ಬಾರಿ ಬೋರ್ಡು ಒಪ್ಪಲಿಲ್ಲ. ಎರಡೂ ಬಾರಿ ಕೇಳಿದ್ದು ಒಂದೇ ಪ್ರಶ್ನೆ. ಮೊದಲನೆಯ ಏಟು ಸಿಟ್ಟಿಗೆ ಎನ್ನೋಣ, ಎರಡನೆಯದು ಯಾಕೆ? ನನಗೆ ಗೊತ್ತಿಲ್ಲ ಎಂದು ಮೊದಲ ಬಾರಿ ಹೇಳಿದ. ಎರಡನೆಯ ಬಾರಿ ಏನೇನೋ ವಿವರಿಸಿದ. ಎರಡೂ ಸಲ ನಿಸರ್ಗಾ ವೀಡಿಯೊದಲ್ಲಿ ಬಂದು, ಇವನನ್ನು ಬಿಡಬೇಡಿ ಎಂದು ತಣ್ಣಗೆ ಹೇಳಿ ಹೋಗಿದ್ದಳು.

ಮೂರನೆಯ ವಿಚಾರಣೆ ಈ ವರ್ಷದ ಮೇ ತಿಂಗಳಲ್ಲಿ ನಡೆಯಿತು. ನಿಸರ್ಗಾ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಬೋರ್ಡಿನವರು ಅದೇ ಪ್ರಶ್ನೆ ಕೇಳಿದಾಗ ಐವತ್ತೊಂದರ ಶಿವರಾಜ, "ಅವನು ಮತ್ತೆ ಎದ್ದು ನಗಬಾರದು ಅಂತ ಹೊಡೆದೆ" ಎಂದ. ಅರ್ಧ ಗಂಟೆಯ ನಂತರ ಬೋರ್ಡು, ಇವನನ್ನು ಬಿಡಬಹುದು ಎಂದು ತೀರ್ಪು ಕೊಟ್ಟಿತು.

ಆ ಸುದ್ದಿ ಹೇಳಲು ಫೋನ್ ಮಾಡಿದವಳು ಶಿವರಾಜನ ವಕೀಲೆ, ಇಂದು ಎಂಬಾಕೆ. ಭುವನೇಶ್ವರಿ ಅತ್ತು ಮುಗಿಸುವವರೆಗೆ ಕಾದಳು. ಆಮೇಲೆ ಹೇಳಿದಳು, "ಮೇಡಂ, ಇನ್ನೂ ಮುಗಿದಿಲ್ಲ. ಬೋರ್ಡಿನವರು ಫೈಲನ್ನ ಇನ್ನೊಂದ್ಸಲ ನೋಡೋಕೆ ನಾಲ್ಕು ತಿಂಗಳು ತಗೋತಾರೆ. ಆಮೇಲೆ ಅದು ಗವರ್ನರ್ ಹತ್ರ ಹೋಗುತ್ತೆ. ಕೊಲೆ ಕೇಸಲ್ಲಿ ಬೋರ್ಡು ಕೊಟ್ಟ ಪರೋಲನ್ನ ಗವರ್ನರ್ ಮೂವತ್ತು ದಿನದೊಳಗೆ ಕ್ಯಾನ್ಸಲ್ ಮಾಡಬಹುದು."

"ಕ್ಯಾನ್ಸಲ್ ಮಾಡ್ತಾರೇನ್ರೀ?"

"ಟಾಲ್ಮನ್ ಜಾಸ್ತಿ ಮಾಡಿಲ್ಲ. ಒಳ್ಳೇ ಗವರ್ನರ್ ಆಕೆ. ಆದ್ರೆ ಈ ವರ್ಷ ಇಲೆಕ್ಷನ್ನು."

ತಾರೀಖು ಲೆಕ್ಕ ಹಾಕಿದರೆ ಕೊನೆಯ ದಿನ ಅಕ್ಟೋಬರ್ ಇಪ್ಪತ್ತಮೂರಕ್ಕೆ ಬರುತ್ತಿತ್ತು. ಚುನಾವಣೆ ನವೆಂಬರ್ ಮೂರಕ್ಕೆ.

ಎಂಬತ್ತು ವರ್ಷದ ತಾಯಿ ಈರವ್ವನಿಗೆ ಇಷ್ಟೆಲ್ಲ ಬಿಡಿಸಿ ಹೇಳುವುದು ಕಷ್ಟವಾಯಿತು. ಆಕೆಗೆ ಅರ್ಥವಾದದ್ದು ಇಷ್ಟು. ಮಗನ ಕಾಗದ ಒಬ್ಬ ಹೆಂಗಸಿನ ಮೇಜಿನ ಮೇಲೆ ಹೋಗುತ್ತದೆ, ಆ ಹೆಂಗಸು ಈಗ ವೋಟಿಗೆ ನಿಂತಿದ್ದಾಳೆ. ಬಿಟ್ಟರೂ ಶಿವರಾಜ ಈ ದೇಶದಲ್ಲಿ ಇರುವಂತಿರಲಿಲ್ಲ. ಜೈಲಿನ ಬಾಗಿಲಲ್ಲೇ ಇಮಿಗ್ರೇಶನ್‌ನವರು ಹಿಡಿದು ವಿಮಾನ ಹತ್ತಿಸುತ್ತಾರೆ. ಈರವ್ವನಿಗೆ ಅದೂ ಸರಿಯೇ. ಗದಗಿನ ತಂಗಿಯ ಮನೆಯಲ್ಲಿ ಒಂದು ಕೋಣೆ ಕೇಳಿಟ್ಟಿದ್ದಳು. ಮಗನ ಹಿಂದೆಯೇ ತಾನೂ ಹೊರಡುವುದು, ಕೊನೆಗಾಲದಲ್ಲಿ ಅವನಿಗೆ ರೊಟ್ಟಿ ಬಡಿದು ಹಾಕುವುದು. ಭುವನೇಶ್ವರಿ ಗಿಲ್‌ರಾಯ್‌ನಲ್ಲಿ ಒಬ್ಬಳೇ ಉಳಿಯುತ್ತಾಳೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಕೇಸಾದ ವರ್ಷವೇ ಅವಳ ಗಂಡ ಬೇರೆ ಮನೆ ಮಾಡಿಕೊಂಡು, ಆಮೇಲೆ ಬೇರೆ ರಾಜ್ಯಕ್ಕೂ ಹೋಗಿಬಿಟ್ಟಿದ್ದ.

"ಭುವಿ, ಆಕಿ ವೋಟಿಗಿ ನಿಂತಾಳಂದ್ರ ನಾವು ಆಕಿ ಕೆಲಸ ಮಾಡೂಣು," ಎಂದಳು ಈರವ್ವ. "ನಾವು ಆಕೀಗಿ ಮಾಡಿದ್ರ ಆಕಿ ನಮಗ ಮಾಡ್ತಾಳ."

"ಇಲ್ಲಿ ಹಂಗಿಲ್ಲಬೇ. ನಾ ಯಾರಂತ ಆಕೀಗಿ ಗೊತ್ತs ಆಗೂದಿಲ್ಲ."

"ದೇವರಿಗೂ ಎಲ್ಲಾರ ಹೆಸರು ಗೊತ್ತಿರತಾವೇನು? ಆದ್ರೂ ಕೈ ಮುಗೀತೀವಿಲ್ಲೋ?"

ಭುವನೇಶ್ವರಿ ಮಾರ್ಗನ್ ಹಿಲ್‌ನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ನಸುಕಿಗೆ ಹೋದರೆ ಮಧ್ಯಾಹ್ನಕ್ಕೆ ಬಿಡುವು. ತಾಯಿಯ ಮಾತು ಹುಚ್ಚು ಎಂದು ಗೊತ್ತಿತ್ತು. ಆದರೆ ಗವರ್ನರ್ ವಿರುದ್ಧ ನಿಂತಿದ್ದವನು ಹಳೆಯ ಪೊಲೀಸ್ ಅಧಿಕಾರಿ. ತಾನು ಗೆದ್ದರೆ ಒಬ್ಬನೇ ಒಬ್ಬ ಕೊಲೆಗಾರನೂ ಹೊರಗೆ ಬರುವುದಿಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಿದ್ದ. ಸುಮ್ಮನೆ ಮನೆಯಲ್ಲಿ ಕೂತು ನಾಲ್ಕು ತಿಂಗಳು ಕಳೆಯುವುದು ಸಾಧ್ಯವಿರಲಿಲ್ಲ. ಜೂನ್ ಎರಡನೆಯ ವಾರ ಅವಳು ಸ್ಯಾನ್ ಹೋಸೆಯಲ್ಲಿದ್ದ ಗವರ್ನರ್ ಪ್ರಚಾರದ ಆಫೀಸಿಗೆ ಹೋಗಿ ಹೆಸರು ಬರೆಸಿದಳು.

ಅಲ್ಲಿ ವಾಲಂಟಿಯರ್‌ಗಳನ್ನು ನೋಡಿಕೊಳ್ಳುತ್ತಿದ್ದವಳು ಕಾವ್ಯಾ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಹಾಸನದ ಕಡೆಯವರ ಮಗಳು, ಹುಟ್ಟಿದ್ದು ಫ್ರೀಮಾಂಟಿನಲ್ಲಿ. ಭುವನೇಶ್ವರಿಯ ಹೆಸರು ನೋಡಿದ್ದೇ ಅವಳ ಕಣ್ಣರಳಿತು.

"ಆಂಟಿ, ನೀವು ಕನ್ನಡ? ಓ ಮೈ ಗಾಡ್. ನಂಗೆ ಕನ್ನಡ ಕಾಲರ್ಸ್ ಯಾರೂ ಇಲ್ಲ. ಎಲ್ಡರ್ಸ್ ಇಂಗ್ಲಿಷ್ ಅಂದ್ರೆ ಫೋನ್ ಇಟ್ಬಿಡ್ತಾರೆ."

ಹೀಗೆ ಶುರುವಾಯಿತು. ಸೋಮವಾರ, ಗುರುವಾರ, ಶನಿವಾರ ಮಧ್ಯಾಹ್ನ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಕಂಪ್ಯೂಟರ್ ಒದಗಿಸಿದ ನಂಬರುಗಳಿಗೆ ಅವಳು ಮಾತಾಡಿದಳು. ಗೌಡರು, ಪಾಟೀಲರು, ರಾವ್‌ಗಳು, ಹಿರೇಮಠರು. ಅರ್ಧ ಜನ ಎತ್ತುತ್ತಿರಲಿಲ್ಲ. ಎತ್ತಿದವರು ಮೊದಲು ಊರು ಕೇಳುತ್ತಿದ್ದರು.

"ಗವರ್ನರ್ರಾ?" ಎಂದರು ಮಂಜುನಾಥ ಎಂಬ ಹಿರಿಯರು. "ನಮ್ಮ ಕಡೆ ಗವರ್ನರ್‌ಗೆ ಯಾರಮ್ಮ ವೋಟು ಹಾಕ್ತಾರೆ? ದೆಹಲಿಯೋರು ಕಳಿಸ್ತಾರೆ, ರಾಜಭವನದಲ್ಲಿ ಇರ್ತಾರೆ."

"ಇಲ್ಲಿ ಹಂಗಲ್ಲ ಸರ್. ಇಲ್ಲಿ ಗವರ್ನರ್ ಅಂದ್ರ ನಮ್ಮ ಮುಖ್ಯಮಂತ್ರಿ ಇದ್ದಂಗ. ಎಲ್ಲಾ ಆಕಿ ಕೈಯಾಗ ಇರತದ."

"ಎಲ್ಲಾನೂವಾ?"

"ಎಲ್ಲಾ ಸರ್," ಎಂದಳು ಭುವನೇಶ್ವರಿ.

ಆ ದಿನಗಳು ಚೆನ್ನಾಗಿಯೇ ಇದ್ದವು. ಗವರ್ನರ್ ಟಾಲ್ಮನ್ ಹನ್ನೊಂದು ಪರ್ಸೆಂಟ್ ಮುಂದಿದ್ದಾಳೆ ಎಂದು ಆಫೀಸಿನ ಗೋಡೆಯ ಮೇಲೆ ಬರೆದಿದ್ದರು. ಕಾವ್ಯಾ ಅವಳಿಗಾಗಿ ಮನೆಯಿಂದ ಉಪ್ಪಿಟ್ಟು ತರುತ್ತಿದ್ದಳು. ತಮ್ಮನ ವಿಷಯ ಭುವನೇಶ್ವರಿ ಯಾರಿಗೂ ಹೇಳಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ರಾಜ್ಯದ ದಕ್ಷಿಣದ ಒಂದು ಊರಿನಲ್ಲಿ ಒಬ್ಬ ಮನುಷ್ಯ ಗ್ರೋಸರಿ ಅಂಗಡಿಗೆ ನುಗ್ಗಿ, ಕೌಂಟರಿನಲ್ಲಿದ್ದ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಗುಂಡಿಟ್ಟು ಕೊಂದ. ಅವನು ಹಿಂದೊಮ್ಮೆ ಕೊಲೆ ಮಾಡಿ, ಎರಡು ವರ್ಷದ ಹಿಂದೆ ಪರೋಲ್ ಮೇಲೆ ಹೊರಗೆ ಬಂದವನು. ಬೋರ್ಡು ಬಿಡಬಹುದು ಎಂದಿತ್ತು. ಗವರ್ನರ್ ತಡೆದಿರಲಿಲ್ಲ.

ಒಂದು ವಾರದೊಳಗೆ ಎಲ್ಲ ಚಾನೆಲ್ಲಿನಲ್ಲೂ ಆ ಹುಡುಗಿಯ ಮುಖ. ಶಾಲೆಯ ಗ್ರಾಜುಯೇಶನ್ ಫೋಟೊ. ಕೆಳಗೆ ಗವರ್ನರ್ ಹೆಸರು. ಈರವ್ವ ಟಿವಿಯ ಮುಂದೆ ಕೂತು, ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ, "ಯವ್ವಾ, ಎಂಥಾ ಕೂಸು" ಎಂದು ಕಣ್ಣೊರೆಸಿಕೊಂಡಳು. ಆ ಹುಡುಗಿ ಯಾರು, ಕೊಂದವನು ಯಾರು ಎಂದು ಭುವನೇಶ್ವರಿ ಹೇಳಲಿಲ್ಲ. ಆಫೀಸಿನ ಗೋಡೆಯ ಮೇಲಿನ ಹನ್ನೊಂದು ಏಳಾಯಿತು. ಏಳು ನಾಲ್ಕಾಯಿತು.

ಸೆಪ್ಟೆಂಬರಿನಲ್ಲಿ ಕಾವ್ಯಾ ಎಲ್ಲರಿಗೂ ಹೊಸ ಹಾಳೆ ಹಂಚಿದಳು. ಕರೆ ಮಾಡಿದಾಗ ಜನ ಪರೋಲ್ ಬಗ್ಗೆ ಕೇಳಿದರೆ ಏನು ಹೇಳಬೇಕು ಎಂದು ಅದರಲ್ಲಿತ್ತು. ಭುವನೇಶ್ವರಿ ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು ಬರೆದಿಟ್ಟುಕೊಂಡಳು: 'ಗವರ್ನರ್ ಟಾಲ್ಮನ್ ಈ ವರ್ಷ ನಲವತ್ತೊಂದು ಕೊಲೆ ಅಪರಾಧಿಗಳ ಬಿಡುಗಡೆಯನ್ನು ತಡೆದಿದ್ದಾರೆ. ನಿಮ್ಮ ಕುಟುಂಬದ ಸುರಕ್ಷತೆಯೇ ಅವರಿಗೆ ಮುಖ್ಯ.'

ಜನ ಕೇಳಿಯೇ ಕೇಳುತ್ತಿದ್ದರು. ಅವಳು ಓದುತ್ತಿದ್ದಳು. ಓದಿದಾಗಲೆಲ್ಲ, ತಡೆಯದೆ ಬಿಟ್ಟವರೂ ಇರಬೇಕಲ್ಲ, ಅವರೆಷ್ಟು ಎಂದು ತನ್ನೊಳಗೇ ಕೇಳಿಕೊಳ್ಳುತ್ತಿದ್ದಳು. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಅಕ್ಟೋಬರ್ ಮೊದಲ ಶನಿವಾರ ಕಾವ್ಯಾ ಓಡೋಡಿ ಬಂದಳು. "ಆಂಟಿ! ಲಾಸ್ ಗ್ಯಾಟೋಸಲ್ಲಿ ಗವರ್ನರ್ ಬರ್ತಿದಾರೆ. ಟಾಪ್ ವಾಲಂಟಿಯರ್ಸ್ ಜೊತೆ ಟೆನ್ ಮಿನಿಟ್ಸ್. ನಿಮ್ಮ ನೇಮ್ ಕೊಟ್ಟಿದೀನಿ. ಎರಡು ಸಾವಿರ ಕಾಲ್ಸ್ ಮಾಡಿದೀರ ನೀವು!"

ಫೈಲು ಹತ್ತು ದಿನದಿಂದ ಗವರ್ನರ್ ಮೇಜಿನ ಮೇಲಿತ್ತು. ಭುವನೇಶ್ವರಿ ಕಾರಿನಲ್ಲಿ ಕೂತು ವಕೀಲೆಗೆ ಫೋನ್ ಮಾಡಿದಳು.

"ಬೇಡ," ಎಂದಳು ಇಂದು. ಕೇಳಿ ಮುಗಿಸುವ ಮೊದಲೇ ಹೇಳಿದಳು. "ಮೇಡಂ, ದಯವಿಟ್ಟು ಬೇಡ. ಪ್ರಚಾರದಲ್ಲಿ ಕೆಲಸ ಮಾಡಿದವರ ತಮ್ಮನ್ನ ಬಿಟ್ರು ಅಂತ ಪೇಪರಿನೋರಿಗೆ ಒಂದು ಸಣ್ಣ ವಾಸನೆ ಬಂದ್ರೂ ಸಾಕು. ಆಮೇಲೆ ಬಿಡಬೇಕು ಅಂತ ಅವರಿಗಿದ್ರೂ ಬಿಡೋಕಾಗಲ್ಲ. ನೀವು ಹೋಗೋದೇ ಬೇಡ ಅಂತಿದೀನಿ. ಹೋದ್ರೆ ಬಾಯಿ ಬಿಡಬೇಡಿ."

ಹೋಗದೆ ಇರಲು ಅವಳಿಗೆ ಆಗಲಿಲ್ಲ.

ಗುಡ್ಡದ ಬುಡದಲ್ಲಿ ಯಾರೋ ದೊಡ್ಡವರ ಮನೆ. ಹಿತ್ತಿಲಿನ ಓಕ್ ಮರದ ಕೆಳಗೆ ಇಪ್ಪತ್ತು ಜನ ವಾಲಂಟಿಯರ್‌ಗಳು ಸಾಲಾಗಿ ನಿಂತರು. ಟಿವಿಯಲ್ಲಿ ಎತ್ತರವಾಗಿ ಕಾಣುತ್ತಿದ್ದ ಹೆಲೆನ್ ಟಾಲ್ಮನ್ ನಿಜಕ್ಕೆ ಕುಳ್ಳ ಹೆಂಗಸು. ಅರವತ್ತು ದಾಟಿದ್ದಳು. ಗಂಟಲು ಕಟ್ಟಿತ್ತು, ಬಾಯಲ್ಲಿ ಏನೋ ಗುಳಿಗೆ ಇಟ್ಟುಕೊಂಡಿದ್ದಳು. ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸುತ್ತ ಬಂದಳು. ಭುವನೇಶ್ವರಿಯ ಎದುರು ನಿಂತಾಗ ಕಾವ್ಯಾ, ಇವರು ಕನ್ನಡದಲ್ಲಿ ಎರಡು ಸಾವಿರ ಕರೆ ಮಾಡಿದ್ದಾರೆ ಎಂದಳು. ಗವರ್ನರ್ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿನ, ಒಣಗಿದ ಕೈ.

"ಹೊರಗೆ ಜನ ಏನಂತಿದ್ದಾರೆ? ನನಗೆ ನಿಜ ಹೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅದು ಸುಮ್ಮನೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಆಕೆ ಕಾಯುತ್ತಿದ್ದಳು. ನನ್ನ ತಮ್ಮ ಎಂಬ ಎರಡು ಪದ ಭುವನೇಶ್ವರಿಯ ನಾಲಿಗೆಯ ತುದಿಗೆ ಬಂದಿದ್ದವು. ನನ್ನ ತಮ್ಮನ ಕಾಗದ ನಿಮ್ಮ ಹತ್ತಿರ ಇದೆ, ಅವನು ಈಗ ಬೇರೆ ಮನುಷ್ಯ, ನಮ್ಮವ್ವನಿಗೆ ಎಂಬತ್ತು. ಇಪ್ಪತ್ತು ಸೆಕೆಂಡು ಸಾಕಿತ್ತು. ಇಂದುವಿನ ಮಾತು ನೆನಪಾಯಿತು. ಬಾಯಿಂದ ಹೊರಬಿದ್ದದ್ದು, ಮೂರು ವಾರದಿಂದ ಫೋನಿನಲ್ಲಿ ಕೇಳಿ ಕೇಳಿ ಕಿವಿ ತುಂಬಿದ್ದ ಮಾತು.

"ಪೀಪಲ್ ಆರ್ ಅಫ್ರೇಡ್," ಎಂದಳು. ಜನ ಹೆದರಿದ್ದಾರೆ.

ಗವರ್ನರ್ ಮುಖ ಗಂಭೀರವಾಯಿತು. "ಗೊತ್ತು. ನನಗೂ ಅದೇ ಕೇಳಿಸುತ್ತಿದೆ," ಎಂದು ಕೈ ಒತ್ತಿ ಮುಂದಿನವರ ಕಡೆ ತಿರುಗಿದಳು.

ಗಿಲ್‌ರಾಯ್‌ಗೆ ವಾಪಸು ಬರುವಾಗ ಭುವನೇಶ್ವರಿ ಫ್ರೀವೇ ಬಿಟ್ಟು ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಳು. ತಾನು ಏನು ಹೇಳಿಬಂದೆ ಎಂಬುದು ಆಗ ಅವಳಿಗೆ ಹೊಳೆಯಿತು.

ಮನೆಯಲ್ಲಿ ಈರವ್ವ, "ಹೆಂಗದಾಳ ಆಕಿ?" ಎಂದು ಕೇಳಿದಳು.

"ದಣದಾಳಬೇ. ಕೈ ಹಿಡದ್ಲು."

"ಕೈ ಹಿಡದ್ಲಾ? ಮತ್ತ ಬಿಡ್ತಾಳ ತಗೋ. ಕೈ ಹಿಡದಾಕಿ ಬಿಡ್ತಾಳ."

ಅಂಚೆಯಲ್ಲಿ ಬಂದ ಮತಪತ್ರ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ವಾರ ಇತ್ತು. ಭುವನೇಶ್ವರಿ ಟಾಲ್ಮನ್ ಹೆಸರಿನ ಪಕ್ಕದ ವೃತ್ತ ತುಂಬಿ, ಲಕೋಟೆಗೆ ಸಹಿ ಹಾಕಿ, ಅಕ್ಟೋಬರ್ ಹದಿನೇಳಕ್ಕೆ ಲೈಬ್ರರಿಯ ಮುಂದಿನ ಡಬ್ಬಿಯಲ್ಲಿ ಹಾಕಿದಳು. ಅದು ಸ್ವೀಕೃತವಾಗಿದೆ ಎಂದು ಎರಡು ದಿನದ ನಂತರ ಫೋನಿಗೆ ಮೆಸೇಜು ಬಂತು.

ಇಪ್ಪತ್ತೆರಡನೆಯ ತಾರೀಖು, ಗುರುವಾರ ಮಧ್ಯಾಹ್ನ, ಅವಳು ಲ್ಯಾಬಿನಿಂದ ಹೊರಬಂದು ಕಾರಿನ ಬೀಗ ತೆಗೆಯುತ್ತಿದ್ದಾಗ ಇಂದುವಿನ ಫೋನ್ ಬಂತು. ಈ ಬಾರಿ ಅವಳು ಮೇಡಂ ಎನ್ನಲಿಲ್ಲ.

"ಅಕ್ಕಾ, ರಿವರ್ಸ್ ಮಾಡಿದಾರೆ. ಪರೋಲ್ ಕ್ಯಾನ್ಸಲ್."

ಭುವನೇಶ್ವರಿ ಬಾಗಿಲು ತೆಗೆದು ಕಾರಿನೊಳಗೆ ಕೂತಳು.

"ಎರಡು ಪುಟದ ಕಾಗದ. ಎರಡನೇ ಏಟಿನ ಬಗ್ಗೆ ಶಿವರಾಜನಿಗೆ ಪೂರ್ತಿ ಅರಿವು ಮೂಡಿಲ್ಲ, ಈಗ್ಲೂ ಸಮಾಜಕ್ಕೆ ಅಪಾಯ, ಅಂತ ಬರೆದಿದಾರೆ. ಹೆಂಗೂ ಈ ದೇಶದಲ್ಲಿ ಇರೋನಲ್ಲ, ಯಾವ ಸಮಾಜಕ್ಕೆ ಅಪಾಯ ಅಂತ ನಾನು..." ಇಂದು ನಿಲ್ಲಿಸಿದಳು. "ಮುಂದಿನ ಹಿಯರಿಂಗು ಒಂದೂವರೆ ವರ್ಷದ ಮೇಲೆ. ಕೋರ್ಟಿಗೆ ಹೋಗಬಹುದು. ಹೋದ್ರೂ ಅಷ್ಟೇ ಟೈಮ್ ಆಗುತ್ತೆ."

"ನಾ ಆಕೀಗಿ ಜನ ಹೆದರ್ಯಾರ ಅಂದೆ," ಎಂದಳು ಭುವನೇಶ್ವರಿ.

"ಏನಂದ್ರಿ?"

"ಲಾಸ್ ಗ್ಯಾಟೋಸ್‌ನಾಗ. ಆಕಿ ಕೇಳಿದ್ಲು. ನಾ ಹೆದರ್ಯಾರ ಅಂದೆ."

"ಅಕ್ಕಾ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ತಿಂಗಳು ಒಟ್ಟಿಗೆ ಹದಿನೇಳು ಜನರದ್ದು ರಿವರ್ಸ್ ಮಾಡಿದಾರೆ. ಕೇಳಿಸ್ತಾ? ಹದಿನೇಳು. ನಿಮ್ಮಿಂದ ಅಲ್ಲ."

ಸಂಬಂಧ ಇಲ್ಲ ಎಂಬುದು ಸಮಾಧಾನವೋ, ಇನ್ನೂ ದೊಡ್ಡ ನೋವೋ ಭುವನೇಶ್ವರಿಗೆ ತಿಳಿಯಲಿಲ್ಲ. ನಾಲ್ಕು ತಿಂಗಳು ಅವಳು ಮಾಡಿದ್ದಕ್ಕೂ ಸಂಬಂಧವಿರಲಿಲ್ಲ, ಆಡಿದ ಮಾತಿಗೂ ಇರಲಿಲ್ಲ.

ಮನೆಗೆ ಬಂದಾಗ ಈರವ್ವ ಹಿತ್ತಿಲಲ್ಲಿ ಮೆಂತ್ಯದ ಪಾತಿಗೆ ನೀರು ಹಾಕುತ್ತಿದ್ದಳು. ಮಗಳ ಮುಖ ನೋಡಿ ಪೈಪು ಕೆಳಗಿಟ್ಟಳು. ನೀರು ಹರಿಯುತ್ತಲೇ ಇತ್ತು.

"ಬಿಡಲಿಲ್ಲೇನು?"

"ಇಲ್ಲಬೇ."

ಈರವ್ವ ಕೈ ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಆ ಹುಡುಗಿ ಬಂದಿದ್ಲೇನು? ಯೋಗಾನಂದನ ಹೇಣ್ತಿ? ಆಕಿ ಬ್ಯಾಡಂದ್ಲೇನು?" ಎಂದು ಕೇಳಿದಳು.

"ಇಲ್ಲ. ಆಕಿ ಏನೂ ಅನ್ನಲಿಲ್ಲ."

"ಆಕಿ ಬ್ಯಾಡಂದಿದ್ರ ನಾ ಒಪ್ಪತಿದ್ದೆ ನೋಡು," ಎಂದಳು ಈರವ್ವ. "ಆಕೀಗಿ ಹಕ್ಕೈತಿ. ಈಕಿಗಿ ನಾವು ಏನು ಮಾಡಿದ್ವಿ?"

ಭುವನೇಶ್ವರಿ ಬಗ್ಗಿ ನಲ್ಲಿ ನಿಲ್ಲಿಸಿದಳು.

ಆ ಶನಿವಾರ ಅವಳು ಪ್ರಚಾರದ ಆಫೀಸಿಗೆ ಹೋಗಲಿಲ್ಲ. ಸೋಮವಾರವೂ ಹೋಗಲಿಲ್ಲ. ಕಾವ್ಯಾ ಮೂರು ಮೆಸೇಜು ಕಳಿಸಿದಳು. ಮನೆಯಲ್ಲಿ ಕೂತು ಭುವನೇಶ್ವರಿ ಎಲ್ಲ ದಿಕ್ಕಿನಿಂದಲೂ ಯೋಚಿಸಿ ನೋಡಿದಳು. ಟಾಲ್ಮನ್ ಸೋತರೆ ತನ್ನ ಹೊಟ್ಟೆಯ ಕಿಚ್ಚು ತಣಿಯಬಹುದು. ಆದರೆ ಒಂದೂವರೆ ವರ್ಷದ ಮೇಲೆ ಶಿವರಾಜನ ಕಾಗದ ಆ ಇನ್ನೊಬ್ಬನ ಮೇಜಿನ ಮೇಲೆ ಹೋಗುತ್ತದೆ, ಒಬ್ಬನನ್ನೂ ಬಿಡುವುದಿಲ್ಲ ಎಂದವನ ಮೇಜಿಗೆ. ಟಾಲ್ಮನ್ ಗೆದ್ದರೆ, ಎರಡು ಅವಧಿಗಿಂತ ಹೆಚ್ಚು ನಿಲ್ಲುವಂತಿಲ್ಲದ್ದರಿಂದ ಮತ್ತೆ ವೋಟು ಕೇಳುವ ಭಯವಿಲ್ಲದ ಟಾಲ್ಮನ್ ಮುಂದೆ ಹೋಗುತ್ತದೆ. ಎಷ್ಟು ಸಲ ತಿರುಗಿಸಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಚುನಾವಣೆಗೆ ಮೂರು ದಿನ ಮೊದಲು, ಕೊನೆಯ ಶನಿವಾರ, ಅವಳು ಕಾರು ಹತ್ತಿದಳು.

ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಕುರ್ಚಿಯ ಮುಂದೆ ಮತ್ತೆ ಹೊಸ ಹಾಳೆ ಇಟ್ಟಿದ್ದರು. ಹೆಡ್‌ಸೆಟ್ ಹಾಕಿಕೊಂಡಳು. ಮೊದಲ ಮೂರು ಕರೆ ಯಾರೂ ಎತ್ತಲಿಲ್ಲ. ನಾಲ್ಕನೆಯದನ್ನು ನಂಜಮ್ಮ ಎಂಬ ಹೆಂಗಸು ಎತ್ತಿದಳು. ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಇರುವವಳು, ದನಿಯಲ್ಲೇ ಒಳ್ಳೆಯವಳು.

"ವೋಟು ಇನ್ನೂ ಹಾಕಿಲ್ಲ ಕಣಮ್ಮ. ನನ್ನ ಮಗ ಅವಳಿಗೇ ಹಾಕು ಅಂತಾನೆ. ನಂಗ್ಯಾಕೋ ಮನಸಿಲ್ಲ. ಕೊಲೆ ಮಾಡಿದೋರ್ನೆಲ್ಲ ಬಿಟ್ಬಿಡ್ತಾಳಂತಲ್ಲ? ಮನೇಲಿ ಸಣ್ಣ ಮಕ್ಕಳವ್ರೆ."

ಭುವನೇಶ್ವರಿ ಹಾಳೆಯ ಮೇಲೆ ಬೆರಳಿಟ್ಟಳು. ಸಾಲು ಅದೇ ಇತ್ತು. ಅಂಕಿ ಬದಲಾಗಿತ್ತು.

"ಇಲ್ಲಮ್ಮ. ಗವರ್ನರ್ ಟಾಲ್ಮನ್ ಈ ವರ್ಷ ಐವತ್ತೆಂಟು..." ಮತ್ತೆ ಶುರು ಮಾಡಿದಳು. "ಈ ವರ್ಷ ಐವತ್ತೆಂಟು ಕೊಲೆ ಅಪರಾಧಿಗಳ ಬಿಡುಗಡೆಯನ್ನು ತಡೆದಿದ್ದಾರೆ. ನಿಮ್ಮ ಕುಟುಂಬದ ಸುರಕ್ಷತೆಯೇ ಅವರಿಗೆ ಮುಖ್ಯ."

"ಐವತ್ತೆಂಟಾ? ಹಂಗಾದ್ರೆ ಪರವಾಗಿಲ್ಲ ಬಿಡು," ಎಂದಳು ನಂಜಮ್ಮ. "ಹಾಕ್ತೀನಿ. ನೀನು ಇಷ್ಟು ಚೆನ್ನಾಗಿ ಹೇಳಿದ್ಯಲ್ಲ. ಯಾವೂರವ್ವ ನಿಂದು?"

ಕರೆ ಮುಗಿದ ಮೇಲೆ ಕಂಪ್ಯೂಟರ್ ಮುಂದಿನ ನಂಬರು ತೋರಿಸಿತು. ಭುವನೇಶ್ವರಿ ಒತ್ತಲಿಲ್ಲ. ಅವಳು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟದ್ದನ್ನು ಕಂಡು ಕಾವ್ಯಾ ಬಂದು ಪಕ್ಕದಲ್ಲಿ ಮಂಡಿಯೂರಿದಳು.

"ಆಂಟಿ, ಯಾರಾದ್ರೂ ರೂಡಾಗಿ ಮಾತಾಡಿದ್ರಾ? ಬ್ರೇಕ್ ತಗೊಳಿ."

"ಈ ಐವತ್ತೆಂಟು ಮಂದ್ಯಾಗ ನನ್ನ ತಮ್ಮ ಒಬ್ಬ ಅದಾನವಾ."

ಕಾವ್ಯಾ ಹಾಳೆ ನೋಡಿದಳು. ಅವಳ ಮುಖ ನೋಡಿದಳು. ಎಲ್ಲವೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿಯ ಕಣ್ಣು ತುಂಬಿ ಬಂತು.

"ಐ ಡಿಡಂಟ್ ನೋ. ಆಂಟಿ, ಐ ಆಮ್ ಸೋ ಸಾರಿ. ಈ ಶೀಟ್ ನಾನೇ ಪ್ರಿಂಟ್ ಮಾಡಿದ್ದು." ಆಮೇಲೆ, "ಮತ್ತೆ ಯಾಕೆ ಬಂದ್ರಿ ಇಲ್ಲಿಗೆ?" ಎಂದು ಕೇಳಿದಳು.

"ಮತ್ತೆಲ್ಲಿ ಹೋಗ್ಲಿ ಹೇಳು?"

ಕಾವ್ಯಾ ಆ ಹಾಳೆಯನ್ನು ತೆಗೆದುಕೊಂಡಳು. ಇನ್ನು ಮುಂದೆ ಇದನ್ನು ಓದಬೇಡಿ, ಬರೀ ವೋಟು ಎಲ್ಲಿ ಹಾಕಬೇಕು ಅಂತ ಹೇಳಿ ಸಾಕು ಎಂದಳು. ಅವಳ ಕೈಲಿ ಅಷ್ಟೇ ಇದ್ದದ್ದು. ಭುವನೇಶ್ವರಿ ಐದು ಗಂಟೆಯವರೆಗೆ ಇನ್ನೂ ಮೂವತ್ತಾರು ಕರೆ ಮಾಡಿದಳು.

ಮಂಗಳವಾರ ಮತದಾನ ಮುಗಿದು ಐದು ನಿಮಿಷವೂ ಆಗಿರಲಿಲ್ಲ, ಟಿವಿಯಲ್ಲಿ ಟಾಲ್ಮನ್ ಗೆದ್ದಳೆಂದು ಸಾರಿದರು. ಎಣಿಕೆ ಮುಂದುವರಿದಂತೆ ಅಂತರ ಬೆಳೆಯುತ್ತ ಹೋಯಿತು. ಹದಿನಾಲ್ಕು ಪರ್ಸೆಂಟು. ನಾಲ್ಕಕ್ಕಿಳಿದಿದೆ ಎಂದ ಸಮೀಕ್ಷೆಗಳೆಲ್ಲ ಸುಳ್ಳಾಗಿದ್ದವು ಎಂದು ಕನ್ನಡಕದವನೊಬ್ಬ ನಗುತ್ತ ವಿವರಿಸಿದ. ಆಕೆ ಯಾವತ್ತೂ ಅಪಾಯದಲ್ಲಿ ಇರಲೇ ಇಲ್ಲವಂತೆ. ಭುವನೇಶ್ವರಿ ಸೋಫಾದ ಅಂಚಿನಲ್ಲಿ ಕೂತು ಆ ಅಂಕಿಯನ್ನು ನೋಡುತ್ತಲೇ ಇದ್ದಳು. ಹದಿನೇಳು ಜನರನ್ನು ಬಿಟ್ಟಿದ್ದರೂ ಆಕೆ ಗೆಲ್ಲುತ್ತಿದ್ದಳು. ಇನ್ನೂ ಐವತ್ತು ಜನರನ್ನು ಬಿಟ್ಟಿದ್ದರೂ ಗೆಲ್ಲುತ್ತಿದ್ದಳು.

"ಗೆದ್ಲೇನು?" ಎಂದಳು ಈರವ್ವ ಒಳಗಿನಿಂದ ಬಂದು.

"ಗೆದ್ಲು."

ಈರವ್ವ ಟಿವಿಯಲ್ಲಿ ಕೈ ಬೀಸುತ್ತಿದ್ದ ಕುಳ್ಳ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿದಳು. "ಭಾಳ ಹತ್ತರದಾಗ ಗೆದ್ದಿರಬೇಕಲ್ಲ? ಸೋಲ್ತೀನಂತ ಅಂಜಿ ಹಂಗ ಮಾಡ್ಯಾಳ ಪಾಪ. ನಮ್ಮ ಶಿವೂನ್ನ ಬಿಟ್ಟಿದ್ರ ಸೋಲ್ತಿದ್ಲೇನೋ."

ತಾಯಿ ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಭುವನೇಶ್ವರಿ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು.

"ಹೌದಬೇ," ಎಂದಳು. "ಕೂದಲೆಳೀ ಅಷ್ಟರಾಗ ಗೆದ್ಲು."

ಭಾನುವಾರ ಇಬ್ಬರೂ ಜೈಲಿಗೆ ಹೋದರು. ಈರವ್ವನಿಗೆ ಗಾಲಿಕುರ್ಚಿ ಕೊಟ್ಟರು. ಭೇಟಿಯ ಹಾಲಿನಲ್ಲಿ ಹತ್ತಾರು ಮೇಜು, ಒಂದೊಂದರ ಸುತ್ತಲೂ ಒಂದೊಂದು ಸಂಸಾರ. ಶಿವರಾಜ ನೀಲಿ ಅಂಗಿಯಲ್ಲಿ ಬಂದ. ತಲೆ ಪೂರ್ತಿ ನರೆತಿತ್ತು. ತಾಯಿಯ ಕಾಲು ಮುಟ್ಟಿದ, ಒಮ್ಮೆ ಅಪ್ಪಿಕೊಳ್ಳಲು ಬಿಡುತ್ತಾರೆ, ಅಪ್ಪಿಕೊಂಡ, ಎದುರು ಕೂತ. ಯಾರೂ ಅಳಲಿಲ್ಲ.

"ಕಾಗದ ಓದಿದೆ ಅಕ್ಕಾ," ಎಂದ. "ಅವರು ಬರದದ್ದು ಎಲ್ಲಾ ತಪ್ಪಲ್ಲ. ಆ ಏಟು ನಾನs ಹೊಡದದ್ದು. ಯಾರ ಮ್ಯಾಲೆ ಸಿಟ್ಟಾಗ್ಲಿ?"

ಅವನು ಸಿಟ್ಟಾಗಿದ್ದರೆ ಭುವನೇಶ್ವರಿಗೆ ಸುಲಭವಾಗುತ್ತಿತ್ತು.

ಈರವ್ವ ಮಗನ ಕೈ ಹಿಡಿದುಕೊಂಡಿದ್ದಳು. "ನೀ ಮನಸಿಗಿ ಹಚ್ಚಿಕೊಬ್ಯಾಡಪಾ. ಆಕಿ ಕೆಟ್ಟಾಕಿ ಅಲ್ಲ. ಕೂದಲೆಳೀ ಅಷ್ಟರಾಗ ಗೆದ್ಲಂತ. ನಿನ್ನ ಬಿಟ್ಟಿದ್ರ ಸೋತs ಬಿಡ್ತಿದ್ಲಂತ. ಇನ್ನ ಅಂಜಿಕಿ ಇಲ್ಲ ಆಕಿಗಿ. ಮುಂದಿನ ಸಲ ಬಿಡ್ತಾಳ."

ಶಿವರಾಜ ತಲೆಯೆತ್ತಿ ಅಕ್ಕನನ್ನು ನೋಡಿದ. ಅವನ ಬ್ಯಾರಕ್ಕಿನಲ್ಲಿ ಟಿವಿ ಇತ್ತು. ಪರೋಲ್ ತಪ್ಪಿದ ಆ ಹದಿನೇಳು ಜನರಲ್ಲಿ ಅಲ್ಲಿಯೇ ಮೂವರು ಇದ್ದರು, ಎಲ್ಲರೂ ಕೂತು ಫಲಿತಾಂಶ ನೋಡಿದ್ದರು. ಭುವನೇಶ್ವರಿ ಕಣ್ಣು ಕೆಳಗೆ ಮಾಡಿದಳು.

"ಹೌದವ್ವ," ಎಂದ ಶಿವರಾಜ. "ಭಾಳ ಹತ್ತರದಾಗಿತ್ತು. ನಾವೂ ನೋಡಿದ್ವಿ."

"ನೋಡು ಮತ್ತ," ಎಂದಳು ಈರವ್ವ ಮಗಳ ಕಡೆ ತಿರುಗಿ, ತನ್ನ ಮಾತು ನಿಜವಾಯಿತೆಂಬಂತೆ. ಆಮೇಲೆ ಗದಗಿನ ತಂಗಿಗೆ ಫೋನ್ ಮಾಡಿ ಕೋಣೆಯನ್ನು ಇನ್ನೊಂದೂವರೆ ವರ್ಷ ಯಾರಿಗೂ ಕೊಡಬೇಡ ಎಂದು ಹೇಳಬೇಕು, ಆ ಹೊತ್ತಿಗೆ ನನಗೆ ಎಂಬತ್ತೆರಡು, ಅದೇನು ದೊಡ್ಡ ವಯಸ್ಸಲ್ಲ, ನಮ್ಮಜ್ಜಿ ತೊಂಬತ್ತಕ್ಕೂ ರೊಟ್ಟಿ ಬಡಿಯುತ್ತಿದ್ದಳು ಎಂದು ಒಂದೇ ಸಮ ಮಾತಾಡತೊಡಗಿದಳು. ಶಿವರಾಜ ಹೂಂ ಹೂಂ ಎನ್ನುತ್ತಿದ್ದ.

ಭುವನೇಶ್ವರಿ ಎದ್ದು ಮೂಲೆಯಲ್ಲಿದ್ದ ತಿಂಡಿಯ ಮಶೀನಿನ ಹತ್ತಿರ ಹೋದಳು. ಮೂವರಿಗೂ ಏನಾದರೂ ತಿನ್ನಲು ತರಬೇಕಿತ್ತು. ಮುಂದೆ ನಾಲ್ಕು ಜನ ನಿಂತಿದ್ದರು. ಅವಳೂ ಸಾಲಿನಲ್ಲಿ ನಿಂತಳು.